ನಲ್ಲಿ ಯಾರದು, ರಸ್ತೆ ಯಾರದು

ಹೆದ್ದಾರಿಯ ಹಿಂದಿನ ಓಣಿಯಲ್ಲಿ ನಲ್ಲಿ ನೀರು ನಾರತೊಡಗಿತ್ತು. ಮೊದಮೊದಲು ಬೆಳಗಿನ ಒಂದು ಕೊಡ ಮಾತ್ರ. ಆಮೇಲೆ ಎಷ್ಟು ಹೊತ್ತು ಬಿಟ್ಟರೂ ಅದೇ ವಾಸನೆ.

ಆ ಓಣಿಯ ಇಸ್ತ್ರಿ ಅಂಗಡಿಯವನನ್ನು ಎಲ್ಲರೂ ಉಗಿಯಣ್ಣ ಅನ್ನುತ್ತಿದ್ದರು. ಇಸ್ತ್ರಿ ಪೆಟ್ಟಿಗೆಯ ಉಗಿಯಿಂದ ಬಂದ ಹೆಸರೋ, ಅವನು ದಿನಾ ಸರ್ಕಾರಕ್ಕೆ ಉಗಿಯುತ್ತಿದ್ದುದರಿಂದ ಬಂದದ್ದೋ ಹೇಳುವುದು ಕಷ್ಟ. ಅಂಗಿಗೆ ನೀರು ಚಿಮುಕಿಸಿ ಪೆಟ್ಟಿಗೆ ಎಳೆದರೆ ಈಗ ಚರಂಡಿಯ ನಾತ ಏಳುತ್ತಿತ್ತು. ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು.

ಮನೆಯಲ್ಲಿ ಹೆಂಡತಿ, ಜೊತೆಗೆ ತುಂಬು ಬಸುರಿ ತಂಗಿ. ತಂಗಿಯ ಗಂಡ ಲಾರಿ ಓಡಿಸುವವನು, ಯಾವಾಗಲೂ ದಾರಿಯ ಮೇಲೇ. ಹೆರಿಗೆ ಆಗುವವರೆಗೆ ನನ್ನ ಕಣ್ಣೆದುರಿಗೇ ಇರಲಿ ಎಂದು ಉಗಿಯಣ್ಣನೇ ಅವಳನ್ನು ಕರೆತಂದಿದ್ದ.

"ರೀ, ನೀರಿನ ವಿಷಯ ಯಾರಿಗಾದ್ರೂ ಹೇಳಬಾರದಾ?" ಎಂದಳು ಹೆಂಡತಿ.

"ಹೇಳೋದಾದ್ರೆ ದೊಡ್ಡೋರಿಗೇ ಹೇಳ್ಬೇಕು. ಮೇಲಿನೋರು ಒಂದು ಫೋನ್ ಹಾಕಿದ್ರೆ ಕೆಳಗಿನೋರು ಎದ್ದು ಬಿದ್ದು ಓಡಿ ಬರ್ತಾರೆ."

ಅಂಗಡಿ ಮುಚ್ಚಿ, ಬಸ್ ಹತ್ತಿ, ದೂರದ ಪೇಟೆಯಲ್ಲಿದ್ದ ಸಂಸದರ ಕಚೇರಿಗೇ ಹೋದ. ಸಂಸದರು ರಾಜಧಾನಿಯಲ್ಲಿದ್ದರು. ಅವರ ಸಹಾಯಕ ಕೂರಿಸಿ ಚಹಾ ಕೊಟ್ಟು, "ಸಾಹೇಬರ ಕಿವಿಗೆ ಹಾಕ್ತೀನಿ" ಅಂದ. ಉಗಿಯಣ್ಣ ಎದೆಯುಬ್ಬಿಸಿಕೊಂಡು ಮನೆಗೆ ಬಂದ.

ಪಕ್ಕದ ಮನೆಯ ನರ್ಸಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ವಿಷಯ ಕೇಳಿ ತಲೆ ಚಚ್ಚಿಕೊಂಡಳು.

"ಅಲ್ಲಣ್ಣ, ಸಂಸದರ ಕೆಲಸ ಇಡೀ ದೇಶಕ್ಕೆ ಕಾನೂನು ಮಾಡೋದು. ನಮ್ಮ ಓಣಿಯ ನಲ್ಲಿ, ಚರಂಡಿ, ಬೀದಿದೀಪ ಎಲ್ಲಾ ಪುರಸಭೆದು. ಕೂಗಿದ್ರೆ ಕೇಳೋಷ್ಟು ಹತ್ತಿರ ಇದೆ. ಅಲ್ಲಿಗೆ ಹೋಗು."

"ಪುರಸಭೆನಾ! ಅವರ ಆಫೀಸಿನ ಫ್ಯಾನ್ ತಿರುಗಿಸೋಕೇ ಅವರ ಕೈಲಾಗಲ್ಲ. ಎಲ್ಲಾ ಒಂದೇ ಸರ್ಕಾರ, ಬಿಡಕ್ಕ."

"ಹೋಗೋದು ಬಿಡೋದು ನಿನಗೆ ಬಿಟ್ಟದ್ದು. ನೀರನ್ನಂತೂ ಚೆನ್ನಾಗಿ ಕುದಿಸಿ ಕುಡೀರಿ. ಅದರಲ್ಲೂ ಬಸುರಿ ಹುಡುಗಿ ಇದಾಳೆ ಮನೇಲಿ."

ಸಂಸದರ ಕಡೆಯಿಂದ ಯಾರೂ ಬರಲಿಲ್ಲ. ಮನೆಯವರು ಕೆಲವು ದಿನ ನೀರು ಕುದಿಸಿದರು. ಆಮೇಲೆ ಗ್ಯಾಸ್ ಮುಗಿಯಿತು, ಕೆಲಸ ಹೆಚ್ಚಾಯಿತು, ವಾಸನೆಯೂ ಅಭ್ಯಾಸವಾಗಿಹೋಯಿತು. ಬಾಯಾರಿದಾಗ ತಂಗಿ ನಲ್ಲಿಗೇ ಲೋಟ ಹಿಡಿದಳು.

ಮೊದಲು ಊಟ ಸೇರಲಿಲ್ಲ. ಆಮೇಲೆ ಕಣ್ಣು ಹಳದಿಯಾಯಿತು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅವಳು ಉಗಿಯಣ್ಣನ ತೋಳು ಹಿಡಿದು, "ಅಣ್ಣಾ, ಮಗು ಒದೀತಿಲ್ಲ" ಅಂದಳು. ಅವನು ಆಟೋದವನಿಗೆ ಬೇಗ ಹೋಗು ಎಂದು ಕಿರುಚಿದ.

ಕೆಟ್ಟ ನೀರಿನಿಂದ ಬಂದ ಕಾಮಾಲೆ, ಬಸುರಿಯರಿಗೆ ಇದು ಪ್ರಾಣಕ್ಕೇ ಕುತ್ತು ಎಂದರು ಡಾಕ್ಟರು. ಕೈಲಾದದ್ದೆಲ್ಲ ಮಾಡಿದರು. ಮಗುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ.

ತಂಗಿಯ ಗಂಡ ಸರಕು ತುಂಬಿದ ಲಾರಿಯನ್ನು ಹಾಗೇ ತಂದು ಹೆದ್ದಾರಿಯ ಪಕ್ಕ ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಕೇಳಿದ.

"ನೀರು ಕೆಟ್ಟಿದೆ ಅಂತ ಯಾರಿಗೆ ಹೇಳಿದ್ರಿ ಭಾವಾ?"

ಉಗಿಯಣ್ಣ ಎದ್ದು ಒಳಗೆ ಹೋದ.

ಅಂಗಡಿಯ ಬಾಗಿಲು ತೆರೆಯಲಿಲ್ಲ. ಒಂದು ಸಂಜೆ ನರ್ಸಕ್ಕ ಬಂದು ಪಕ್ಕದಲ್ಲಿ ಕೂತಳು.

"ಸರ್ಕಾರ ನನ್ನ ತಂಗೀನ ಕೊಂದುಬಿಡ್ತು" ಅಂದ.

"ಯಾವ ಸರ್ಕಾರ ಅಣ್ಣ?"

ಅವನು ತಲೆ ಎತ್ತಿ ನೋಡಿದ.

"ನಿನ್ನ ಗಾಯಕ್ಕೆ ಉಪ್ಪು ಸವರೋಕೆ ಕೇಳ್ತಿಲ್ಲ. ಓಣೀಲಿ ಇನ್ನೂ ಮಕ್ಕಳಿದಾವೆ. ಬೈಯೋದಾದ್ರೂ ಸರಿಯಾದ ಬಾಗಿಲಲ್ಲಿ ನಿಂತು ಬೈಬೇಕು. ಊರಿನ ಕೆಲಸಕ್ಕೆ ಪುರಸಭೆ. ನಮ್ಮ ಆಸ್ಪತ್ರೆ, ಆರೋಗ್ಯ ಇಲಾಖೆ ರಾಜ್ಯದ್ದು. ಊರೂರು ದಾಟಿ ದೇಶದುದ್ದ ಹೋಗೋ ಈ ಹೆದ್ದಾರಿ, ರೈಲು, ಅಂಚೆ ಇವೆಲ್ಲ ಕೇಂದ್ರದ್ದು. ನಾಳೆ ನಾನೂ ಬರ್ತೀನಿ, ಏಳು."

ಮರುದಿನ ಓಣಿಯ ಜನರೂ ಜೊತೆಯಾದರು. ಪುರಸಭೆಯ ಎಂಜಿನಿಯರ್ ಮುಖ ಸಣ್ಣದು ಮಾಡಿಕೊಂಡು ಹೇಳಿದ: "ಪೈಪು ಒಡೆದಿರೋದು ಹೆದ್ದಾರಿ ಕೆಳಗೆ. ಅಲ್ಲಿ ಚರಂಡಿ ನೀರು ಸೇರ್ತಿದೆ ಅಂತ ನಮಗೂ ಅನುಮಾನ ಇತ್ತು. ಆದ್ರೆ ಆ ರಸ್ತೆ ನಮ್ಮದಲ್ಲ, ಅಗೆಯೋ ಹಾಗಿಲ್ಲ."

ಹಿಂದಿನ ಉಗಿಯಣ್ಣನಾಗಿದ್ದರೆ ಕೂಗಾಡಿ ಎದ್ದು ಬರುತ್ತಿದ್ದ. ಈಗ ಮೆಲ್ಲಗೆ ಕೇಳಿದ.

"ನಿಮ್ಮದಲ್ಲ ಅಂದ್ರೆ ಯಾರದು ಸ್ವಾಮಿ? ಅವರನ್ನ ನೀವು ಕೇಳಿದ್ರಾ?"

ಎಂಜಿನಿಯರ್ ಕೇಳಿರಲಿಲ್ಲ. ಇತ್ತ ಆಸ್ಪತ್ರೆಯವರು ಕಾಮಾಲೆಗೆ ಮದ್ದು ಕೊಡುತ್ತಿದ್ದರೇ ಹೊರತು ನೀರು ಎಲ್ಲಿಯದು ಎಂದು ವಿಚಾರಿಸಿರಲಿಲ್ಲ. ಪಕ್ಕದ ಬಾಗಿಲಿನವರು ನೋಡಿಕೊಂಡಾರು ಎಂದು ಎಲ್ಲರೂ ಸುಮ್ಮನಿದ್ದರು. ತನ್ನ ಆಸ್ಪತ್ರೆಯೂ ಅದರಲ್ಲಿ ಸೇರಿತ್ತಲ್ಲ ಎಂದು ನರ್ಸಕ್ಕ ತಲೆ ತಗ್ಗಿಸಿದಳು.

ಆಮೇಲೆ ಓಣಿಯವರು ಸುಮ್ಮನೆ ಬಿಡಲಿಲ್ಲ. ರಾಜ್ಯದ ಆರೋಗ್ಯ ಇಲಾಖೆಯವರಿಂದ ನೀರು ಪರೀಕ್ಷೆ ಮಾಡಿಸಿದರು. ಕುಡಿಯಲು ಯೋಗ್ಯವಲ್ಲ ಎಂದು ಅವರು ಹೇಳಿದ ಮೇಲೆ ಪುರಸಭೆ ಟ್ಯಾಂಕರ್ ಕಳಿಸಿತು, ಕೇಂದ್ರದ ಹೆದ್ದಾರಿ ಕಚೇರಿಯ ಅನುಮತಿ ಕೇಳಿತು. ಉಗಿಯಣ್ಣ ಆ ಕಚೇರಿಗೂ ಅಲೆದ. ಕೊನೆಗೂ ರಸ್ತೆ ಅಗೆದರು. ಒಡೆದ ಪೈಪಿನೊಳಗೆ ಕಪ್ಪು ರಾಡಿ ತುಂಬಿತ್ತು. ಕೆಲಸದವರು ಹೊಸ ಪೈಪು ಕೂರಿಸಿ ಮಣ್ಣು ಮುಚ್ಚಿದರು. ಇಷ್ಟೇ ಕೆಲಸವಿದ್ದದ್ದು.

ನೀರು ತಿಳಿಯಾಯಿತು. ಓಣಿಯವರು ಖುಷಿಪಟ್ಟರು. ಉಗಿಯಣ್ಣನ ಮನೆಯಲ್ಲಿ ಯಾರೂ ನಗಲಿಲ್ಲ. "ಮೊದಲೇ ಹೋಗಿದ್ರೆ..." ಎಂದಳು ಹೆಂಡತಿ. ಈಗ ಆ ಓಣಿಯಲ್ಲಿ ದೀಪ ಕೆಟ್ಟರೂ ಪುರಸಭೆಗೆ ಮೊದಲು ಹೋಗುವವನು ಅವನೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ನಲ್ಲಿ ಯಾರದು, ಆಸ್ಪತ್ರೆ ಯಾರದು, ಮುಂದಿನ ದೊಡ್ಡ ರಸ್ತೆ ಯಾರದು ಎಂದು ಇವತ್ತೇ ವಿಚಾರಿಸಿಕೊಳ್ಳಿ. ಮೊದಲು ಹತ್ತಿರದ ಬಾಗಿಲು ತಟ್ಟಿ. "ನಮ್ಮದಲ್ಲ" ಅಂದರೆ, "ಹಾಗಾದರೆ ಯಾರದು?" ಎಂದು ಕೇಳದೆ ಹೊರಗೆ ಬರಬೇಡಿ. ನೀರಿನ ಮೇಲೆ ಅನುಮಾನ ಬಂದ ದಿನದಿಂದಲೇ ಕುದಿಸಿ ಕುಡಿಯಿರಿ. ಮನೆಯಲ್ಲಿ ಒಬ್ಬರು ಕಡಿಮೆಯಾಗುವವರೆಗೆ ಕಾಯಬೇಡಿ.