ಅವ್ವನ ಪಾಲು

ಮೂರು ನಾಗರ ಪಂಚಮಿ ನನ್ನ ಕೈ ತಪ್ಪಿದ್ದವು. ಮೊದಲನೆಯದಕ್ಕೆ ಮಗಳು ಗಂಗಿ ಹೊಟ್ಟೆಯಲ್ಲಿದ್ದಳು, ಎರಡನೆಯದಕ್ಕೆ ಎದೆಗೆ ಅಂಟಿಕೊಂಡಿದ್ದಳು, ಮೂರನೆಯದಕ್ಕೆ ಮಗ ಸಂಗು ಹೊಟ್ಟೆಯಲ್ಲಿದ್ದ. ಈ ಸಲ, ಎರಡು ಸಾವಿರದ ಏಳರಲ್ಲಿ, ತಮ್ಮ ಕಳಕೇಶ ಕರೆಯಲು ಬಂದಾಗಲೇ ತೀರ್ಮಾನಿಸಿಬಿಟ್ಟಿದ್ದೆ. ಇಬ್ಬರನ್ನೂ ಕಟ್ಟಿಕೊಂಡು ತವರಿಗೆ ಹೋಗುವುದು, ಪಂಚಮಿಯ ಜೋಕಾಲಿ ಆಡಿಯೇ ಗಂಡನ ಮನೆಗೆ ವಾಪಸಾಗುವುದು.

ಸಣ್ಣ ಮಕ್ಕಳ ಜೊತೆ ಹಬ್ಬವೆಂದರೆ ಅರ್ಧ ಹಬ್ಬ, ಅರ್ಧ ಗದ್ದಲ. ತವರೂರು ಜಕ್ಕಲಿಗೆ ಬಂದು ಮುಟ್ಟಿದ ದಿನವೇ ಗಂಗಿ ಡಬ್ಬಿಯ ಉಂಡಿಗಳನ್ನೆಲ್ಲ ಒಂದೊಂದು ಸಲ ಕಚ್ಚಿ, ಶಿಸ್ತಾಗಿ ಮತ್ತೆ ಜೋಡಿಸಿಟ್ಟಳು. ಓಣಿಗೆ ಬೀರುವಂತಿಲ್ಲ, ನಾವೇ ತಿನ್ನಬೇಕು. ನಾನಂತೂ ಹೊಟ್ಟೆ ಹಿಡಿದು ನಕ್ಕೆ.

ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಸಲ ಎರೆಯುತ್ತಾರೆ. ಗಂಗಿ ಕೊಬ್ಬರಿ ಬಟ್ಟಲು ಹಿಡಿದು ಶುರು ಮಾಡಿದಳು. "ಅಜ್ಜನ ಪಾಲು. ಮಾಮಾನ ಪಾಲು. ಅವ್ವನ ಪಾಲು." ಅಲ್ಲಿಗೆ ಅವಳಿಗೆ ಹೆಸರು ಮುಗಿದವು. ಮತ್ತೆ ನಾಲ್ಕು ಸಲ ಅವ್ವನ ಪಾಲನ್ನೇ ಎರೆದಳು.

"ಸಾಕ ಮಾಡ ಯವ್ವಾ, ನಿಮ್ಮವ್ವಗ ಎಷ್ಟಂತ ಕೊಟ್ಟಾನು ನಾಗಪ್ಪ?" ಅಂದಳು ಯಂಕವ್ವ. ಅಪ್ಪನ ಅಕ್ಕ ಆಕೆ. ಆ ಮನೆಯಲ್ಲಿ ಆಕೆ ಹೇಳಿದ್ದೇ ಮಾತು.

ಮಧ್ಯಾಹ್ನ ಕಳಕೇಶ ಮನೆ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ. ಓಣಿಯ ಹುಡುಗಿಯರೆಲ್ಲ ಜೀಕಿದ ಮೇಲೆ ಸಂಗುವನ್ನೆತ್ತಿಕೊಂಡು ನಾನು ಮುಂದೆ ಹೋದೆ. ಯಂಕವ್ವ ಅಡ್ಡ ನಿಂತಳು.

"ಕೂಸಿನ ತಾಯಿ ಜೋಕಾಲಿ ಏರತಾಳೇನ ರೂಪಾ? ಹಾಲು ಕೆಡತೈತಿ. ಮಂದಿ ಏನಂದಾರು? ಒಳಗ ಹೋಗಿ ಕುಂದ್ರು."

ಅವ್ವನ ಕಡೆ ನೋಡಿದೆ. ಬಾಗಿಲಲ್ಲಿದ್ದ ಅವ್ವ ನೆಲ ನೋಡಿದಳು. ನಾಳೆ ಬೆಳಿಗ್ಗೆ ನಾನು ಗಂಡನ ಊರಿಗೆ ಹೋಗುವ ಯಾವಗಲ್ ಬಸ್ಸು ಹತ್ತಬೇಕು. ಇವತ್ತು ಬಿಟ್ಟರೆ ಮತ್ತೊಂದು ವರ್ಷ, ಅಷ್ಟರಲ್ಲಿ ಹೊಟ್ಟೆಯಲ್ಲಿ ಇನ್ನೊಂದು ಇದ್ದರೂ ಇದ್ದೀತು. ಸಿಟ್ಟು ನೆತ್ತಿಗೇರಿತು.

"ನಾಗಪ್ಪನ ಮುಂದ ಅವ್ವನ ಪಾಲ ಐತಿ, ಜೋಕಾಲ್ಯಾಗ ಇಲ್ಲೇನತ್ತಿ?"

ಅಪ್ಪ ಹಬ್ಬದ ಬಿಳಿ ಧೋತರ ಉಟ್ಟು ಕಟ್ಟೆಯ ಮೇಲೆ ಹಿರಿಯರ ನಡುವೆ ಕುಳಿತಿದ್ದ. ನನ್ನನ್ನಾಗಲಿ ತಮ್ಮನನ್ನಾಗಲಿ ನಾಲ್ಕು ಜನರೆದುರು ಒಮ್ಮೆಯೂ ಎತ್ತಿಕೊಂಡವನಲ್ಲ. ನೆಟ್ಟಗೆ ಹೋಗಿ ಸಂಗುವನ್ನು ಅವನ ತೊಡೆಯ ಮೇಲೆ ಕೂರಿಸಿದೆ. "ಹಿಡಿ ಅಪ್ಪಾ," ಅಂದೆ. ಉತ್ತರಕ್ಕೆ ನಿಲ್ಲಲಿಲ್ಲ.

ಸೀರೆ ಎತ್ತಿ ಸಿಕ್ಕಿಸಿ, ಹಲಗೆಯ ಮೇಲೆ ನಿಂತು ಜೀಕಿದೆ. ಮೊದಲೆರಡು ಜೀಕು ತಪ್ಪಿದವು, ಆಮೇಲೆ ಕಾಲಿಗೆ ಹಳೆಯದು ನೆನಪಾಯಿತು. ಮಾಳಿಗೆಯಾಚೆ ಹೆಸರುಕಾಳಿನ ಹೊಲ ಕಾಣಿಸಿತು, ಮರೆಯಾಯಿತು, ಮತ್ತೆ ಕಾಣಿಸಿತು. ಕೆಳಗೆ ಗಂಗಿ ಕೇಕೆ ಹಾಕುತ್ತಿದ್ದಳು. ಮೂರು ವರ್ಷದ ಮೇಲೆ ನನ್ನ ಮೈ ನನ್ನದಾಗಿತ್ತು, ಯಾರೂ ಅದಕ್ಕೆ ಜೋತುಬಿದ್ದಿರಲಿಲ್ಲ. ಎಷ್ಟು ಹಗುರವಿದ್ದೆನೆಂದರೆ ಅಳು ಬಂತು.

ಅಷ್ಟರಲ್ಲಿ ಸಂಗು ಚೀರಿದ. ನೋಡಿದರೆ ಅಪ್ಪನ ಧೋತರ ಮುಂದೆಲ್ಲ ತೊಯ್ದಿತ್ತು, ಹಿರಿಯರು ನಗುತ್ತಿದ್ದರು.

"ನೋಡಿದೇನ ತಮ್ಮಾ? ಕೂಸನ್ನ ಇತ್ತ ಕೊಡು. ಮೊದಲ ಆಕಿನ್ನ ಇಳಸು," ಎಂದು ಯಂಕವ್ವ ಅಪ್ಪನ ಕಡೆ ಓಡಿದಳು. ನನ್ನ ಕಾಲು ತಾವಾಗಿ ನಿಂತವು. ಮುಗಿಯಿತು ಅಂದುಕೊಂಡೆ.

ಅಪ್ಪ ಕೂಸನ್ನು ಕೊಡಲಿಲ್ಲ. ಹಿಡಿಯುವ ರೀತಿ ಗೊತ್ತಿಲ್ಲದೆ ಈ ಹೆಗಲಿಗೊಮ್ಮೆ ಆ ಹೆಗಲಿಗೊಮ್ಮೆ ಹಾಕಿಕೊಂಡ. ಹಸಿ ಧೋತರದಲ್ಲೇ, ಎಲ್ಲರೂ ನೋಡುತ್ತಿರುವಂತೆ, ಮರದ ತನಕ ನಡೆದು ಬಂದ.

"ಯಾಕ ನಿಂತಿ?" ಅಂದ. "ಜೀಕು. ಕೂಸು ನನ್ನ ಕಡೆ ಐತಿ."