ಬಾಟಲಿ ಬೇಡ, ಹಳೇ ಫ್ಯಾನಿನ ಸ್ಟ್ಯಾಂಡ್ ಸಾಕು

ಟೈಲರ್ ಅತ್ತೆಯ ಎಡಗೈ ಸುಟ್ಟಿದ್ದು ಭಾನುವಾರ ಬೆಳಿಗ್ಗೆ. ಮೈದಾನದ ಅಂಚಿನಲ್ಲಿ ಕಟ್ಟಿದ ಹಗ್ಗದ ಮೇಲೆ ಲೈನಿಂಗ್ ಬಟ್ಟೆ ಒಣಹಾಕುತ್ತಿದ್ದಳು. ಇಪ್ಪತ್ತು ಹೆಜ್ಜೆ ಆಚೆ ಅವಳ ತಮ್ಮನ ಮಗಳು ಗಾಜಿನ ಬಾಟಲಿಯಲ್ಲಿ ಮಾದರಿ ರಾಕೆಟ್ ನಿಲ್ಲಿಸಿ ಬತ್ತಿಗೆ ಬೆಂಕಿಕಡ್ಡಿ ಗೀರಿದಳು. ಬಾಟಲಿ ವಾಲಿತು. ರಾಕೆಟ್ ಮೇಲೆ ಹೋಗಲಿಲ್ಲ, ಅಡ್ಡ ಹೋಯಿತು. ಲೈನಿಂಗ್ ಬಟ್ಟೆಗೆ ಬೆಂಕಿ ಹತ್ತಿತು. ಅದನ್ನು ಆರಿಸಲು ಹೋಗಿ ಅತ್ತೆಯ ಕೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಂದಿತು.

ಸಂಜೆ ಬೀದಿಯ ಜನ ಸೇರಿದರು. ಒಂದು ಗಂಟೆ ಮಾತಾಡಿದರು. ಕೆಲವರು ಹುಡುಗಿಯನ್ನು ಬೈದರು, ಕೆಲವರು ಅವಳ ಅಪ್ಪನನ್ನು ಬೈದರು. ಒಬ್ಬರು ಮೊಬೈಲನ್ನೂ ಬೈದರು, ಮೊಬೈಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಾಟಲಿಯನ್ನು ಮಾತ್ರ ಯಾರೂ ಬೈಯಲಿಲ್ಲ.

ಆ ಹುಡುಗಿಗೆ ಮನೆಯಲ್ಲಿ ಮಿಡತೆ ಅಂತ ಕರೆಯುತ್ತಾರೆ. ಕೂತಲ್ಲಿ ಕೂರುವವಳಲ್ಲ, ಅದಕ್ಕೆ. ವಯಸ್ಸು ಹದಿಮೂರು. ಅವಳ ಶಾಲೆಯ ವಿಜ್ಞಾನ ಕ್ಲಬ್ಬಿನವರು ಮಗುವಿಗೆ ಎರಡರಂತೆ ರಾಕೆಟ್ ಎಂಜಿನ್ ಹಂಚಿದ್ದರು. ಕಾರ್ಖಾನೆಯಲ್ಲೇ ಮಾಡಿ ಸೀಲು ಹಾಕಿದ, ಹೆಬ್ಬೆರಳು ಗಾತ್ರದ ರಟ್ಟಿನ ಕೊಳವೆಗಳು. ಒಂದು ಅಭ್ಯಾಸಕ್ಕೆ, ಇನ್ನೊಂದು ಮುಂದಿನ ಭಾನುವಾರದ ಹಾರಾಟಕ್ಕೆ. ಅವತ್ತು ಯಾರ ರಾಕೆಟ್ ನೆಟ್ಟಗೆ ಹಾರಿ ಪ್ಯಾರಾಚೂಟಿನಲ್ಲಿ ಇಳಿಯುತ್ತದೋ ಅವರಿಗೆ ಕ್ಲಬ್ಬಿನಲ್ಲಿ ಜಾಗ. ಜೊತೆಗೆ ಒಂದು ಹಾಳೆಯನ್ನೂ ಕೊಟ್ಟಿದ್ದರು. ಅದರಲ್ಲಿ ‘ಸೂಕ್ತ ಉಡಾವಣಾ ವೇದಿಕೆ ಬಳಸುವುದು’ ಅಂತ ಒಂದು ಸಾಲು. ಸೂಕ್ತ ಅಂದರೆ ಯಾವುದು? ಗೊತ್ತಿದ್ದವರಿಗೆ ಆ ಸಾಲು ಬೇಕಿರಲಿಲ್ಲ. ಗೊತ್ತಿಲ್ಲದವರಿಗೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಮಿಡತೆ ಬಾಟಲಿ ಹುಡುಕಿಕೊಂಡಳು. ಎಂಜಿನ್ ಜೊತೆ ಬಂದಿದ್ದ, ಬ್ಯಾಟರಿಯಿಂದ ಕಿಡಿ ಹೊತ್ತಿಸುವ ಸಣ್ಣ ತಂತಿ ಯಾಕೆಂದು ತಿಳಿಯದೆ ಪಕ್ಕಕ್ಕಿಟ್ಟು ಬತ್ತಿ ತುರುಕಿದಳು.

ಉಳಿದ ಎಂಜಿನನ್ನು ಅತ್ತೆ ಕಿತ್ತುಕೊಂಡು ಹೊಲಿಗೆ ಮಷೀನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.

“ಬಾಟ್ಲಿ ವಾಲಿತು ಅತ್ತೆ. ನಾನೇನು ಬೇಕಂತ ಮಾಡಿದ್ನಾ?”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಸುಮ್ನಿರು. ಇನ್ನೊಂದ್ಸಲ ಆ ಮೈದಾನದಲ್ಲಿ ರಾಕೆಟ್ ಎದ್ರೆ ನಾನೇ ಅರ್ಜಿ ಕೊಟ್ಟು ಮೈದಾನಕ್ಕೆ ಬೇಲಿ ಹಾಕಿಸ್ತೀನಿ. ಬೀದಿಯವರೆಲ್ಲ ಸಹಿ ಹಾಕ್ತಾರೆ.”

ಹಾಕುತ್ತಿದ್ದರು. ಬೇಲಿ ಹಾಕುವುದು ಸುಲಭದ ಕೆಲಸ, ಯೋಚನೆ ಮಾಡಬೇಕಿಲ್ಲ.

ಮಿಡತೆಯ ಅಪ್ಪ ಫ್ಯಾನ್ ರಿಪೇರಿಯವನು. ಮನೆಯ ಮುಂದಿನ ಕೋಣೆಯ ಅರ್ಧ ಅವನ ಅಂಗಡಿ, ಅರ್ಧ ಅಕ್ಕನ ಟೈಲರಿಂಗ್. ಅವನ ಕಡೆ ತಾಮ್ರದ ತಂತಿಯ ಉಂಡೆಗಳು, ಅವಳ ಕಡೆ ನೂಲಿನ ರೀಲುಗಳು, ನಡುವೆ ಒಂದು ಸ್ಟೂಲು. ಅವನದು ಮಾತು ಕಡಿಮೆ. ಅಕ್ಕ ಬೈಯುವಾಗಲೂ ಸ್ಕ್ರೂ ತಿರುಗಿಸುತ್ತಲೇ ಇದ್ದ.

ಮಂಗಳವಾರ ಆ ಸ್ಟೂಲಿನ ಮೇಲೆ ಬಂದು ಕೂತವರು ಶಾಲೆಯ ಲ್ಯಾಬಿನಮ್ಮ. ಕೋಟಿನ ಜೇಬು ಹರಿದಿತ್ತು, ಹೊಲಿಸಲು ತಂದಿದ್ದರು. ಇಪ್ಪತ್ತೆರಡು ವರ್ಷದಿಂದ ಗಾಜಿನ ಕೊಳವೆ ತೊಳೆಯುವುದು, ಕಪಾಟು ಒರೆಸುವುದು ಅವರ ಕೆಲಸ. ಕ್ಲಬ್ಬಿನ ಕಪಾಟಿನಲ್ಲಿ ರಾಕೆಟ್ ಹಾರಿಸುವ ನಿಯಮಗಳ ಪುಸ್ತಕವೊಂದಿದೆ. ಅದನ್ನು ಪೂರ್ತಿ ಓದಿದವರು ಇಡೀ ಶಾಲೆಯಲ್ಲಿ ಅವರೊಬ್ಬರೇ. ಧೂಳು ಒರೆಸುವಾಗ ಓದಿದ್ದು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

“ಕೈ ಏನಾಯ್ತಮ್ಮಾ?” ಅಂದರು.

ಅತ್ತೆ ಹೇಳಿದಳು. ಬಾಟಲಿ ವಾಲಿದ್ದನ್ನೂ, ಹುಡುಗಿ ನೆಪ ಹೇಳಿದ್ದನ್ನೂ, ನೆಲ ಡೊಂಕಿನ ಗಾದೆಯನ್ನೂ ಸೇರಿಸಿ ಹೇಳಿದಳು.

“ಈ ಸಲ ನೆಲ ನಿಜವಾಗ್ಲೂ ಡೊಂಕೇ ಇತ್ತು,” ಅಂದರು ಲ್ಯಾಬಿನಮ್ಮ. “ಬಾಟ್ಲಿ ನೀರು ಕುಡಿಯೋಕೆ ಮಾಡಿದ್ದು. ರಾಕೆಟ್‌ಗೆ ಬೇಕಾಗಿರೋದು ಅಲ್ಲಾಡದ ಬುಡ. ಮೊದಲ ಮೂರಡಿ ಅದನ್ನ ನೆಟ್ಟಗೆ ನಡೆಸೋಕೆ ಒಂದು ಉಕ್ಕಿನ ಸಲಾಕೆ. ಕೆಳಗಡೆ ಬೆಂಕಿ ತಡೆಯೋಕೆ ಲೋಹದ ತಟ್ಟೆ. ಹೊತ್ತಿಸೋರು ದೂರದಲ್ಲಿರಬೇಕು. ಇಷ್ಟೇ.”

“ಇಷ್ಟೇ ಅಂತೀರ! ಅವೆಲ್ಲ ದೊಡ್ಡ ಶಾಲೆ ಮಕ್ಕಳಿಗೆ. ರೆಡಿಮೇಡ್ ತರಿಸ್ತಾರೆ. ನಮ್ಮಂಥವರಿಗಲ್ಲ.”

ಆಗ ಮೂಲೆಯಿಂದ ‘ಡಬ್’ ಅಂತ ಸದ್ದು ಬಂತು. ಫ್ಯಾನ್ ರಿಪೇರಿಯವನು ಅಟ್ಟದಿಂದ ಒಂದು ಹಳೇ ಸ್ಟ್ಯಾಂಡ್ ಫ್ಯಾನ್ ಇಳಿಸಿದ್ದ. ಮೋಟಾರು ಸುಟ್ಟಿದ್ದು, ಗಿರಾಕಿ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಬುಡ ಬೀಡುಕಬ್ಬಿಣದ್ದು.

“ಇದು ವಾಲುತ್ತಾ ನೋಡಿ,” ಅಂದ.

ಲ್ಯಾಬಿನಮ್ಮ ಕಾಲಲ್ಲಿ ಒದ್ದರು. ಫ್ಯಾನು ಮಿಸುಕಲಿಲ್ಲ. ಲ್ಯಾಬಿನಮ್ಮನ ಹೆಬ್ಬೆರಳು ನೋಯಿತು.

“ಸಾಕು, ಇದೇ ಸಾಕು,” ಅಂದರು, ಕಾಲು ಹಿಡಿದುಕೊಂಡು.

ಅತ್ತೆ ಮುಖ ತಿರುಗಿಸಿದಳು. “ಮಾಡ್ಕೊಳ್ಳಿ ಏನು ಬೇಕಾದ್ರೂ. ಬೀಗದ ಕೈ ನನ್ನ ಹತ್ರ ಇದೆ.”

ಅವರು ಮಾಡಿದರು. ಫ್ಯಾನಿನ ತಲೆ, ಮೋಟಾರು ಬಿಚ್ಚಿ ಪೈಪನ್ನು ಪೂರ್ತಿ ಕೆಳಗಿಳಿಸಿದರು. ತಲೆ ಬಗ್ಗಿಸುವ ಕತ್ತನ್ನು ಹಾಗೇ ಉಳಿಸಿ ಅದರಲ್ಲಿ ಮೂರಡಿ ಉದ್ದದ ನುಣುಪಾದ ಉಕ್ಕಿನ ಸಲಾಕೆ ನಿಲ್ಲಿಸಿದರು. ರಾಕೆಟ್ಟಿನ ಪಕ್ಕಕ್ಕೆ ಸ್ಟ್ರಾ ತುಂಡು ಅಂಟಿಸಿದರೆ ಅದು ಸಲಾಕೆಯ ಮೇಲೆ ಉಂಗುರದ ಹಾಗೆ ಜಾರುತ್ತದೆ. ಲೋಹದ ತಟ್ಟೆಗೆ ಏನು ಮಾಡುವುದು ಅಂತ ಅಪ್ಪ ಮಗಳು ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆ ಮಷೀನು ತುಳಿಯುವುದನ್ನು ನಿಲ್ಲಿಸದೆಯೇ ಅಂದಳು:

“ನನ್ನ ಹಾಳಾದ ಹಬೆ ಇಸ್ತ್ರಿಪೆಟ್ಟಿಗೆ ಮಂಚದ ಕೆಳಗಿದೆ. ಅದರ ಅಡಿ ಬಿಸಿಗೆ ಹೆದರಲ್ಲ. ತೂತೂ ಇದೆ. ನಾನೇನು ಸಹಾಯ ಮಾಡ್ತಿಲ್ಲ, ಮಂಚದ ಕೆಳಗೆ ಗುಡಿಸೋಕೆ ಅಡ್ಡ ಆಗ್ತಿತ್ತು.”

ಬಿಚ್ಚಿದ ಅಡಿತಟ್ಟೆಯ ಹಬೆ ಬರುವ ತೂತಿನಲ್ಲಿ ಸಲಾಕೆ ಅಳತೆ ಮಾಡಿಸಿದ ಹಾಗೆ ಕೂತಿತು. ತಟ್ಟೆಯ ಮೇಲೆ ನಾಲ್ಕು ಬೆರಳು ಬಿಟ್ಟು ಬಟ್ಟೆಗೆ ಸಿಕ್ಕಿಸುವ ಮರದ ಕ್ಲಿಪ್ಪು. ರಾಕೆಟ್ ಅದರ ಮೇಲೆ ಕೂರುತ್ತದೆ. ಸಲಾಕೆಯ ತುದಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಬಗ್ಗಿ ಏಳುವವರ ಕಣ್ಣು ಹೋಗಬಾರದು ಅಂತ ಲ್ಯಾಬಿನಮ್ಮ ಕೆಂಪು ನೂಲಿನ ಖಾಲಿ ರೀಲನ್ನು ತುದಿಗೆ ಸಿಕ್ಕಿಸಿದರು. ಹಾರಿಸುವ ಮುಂಚೆ ತೆಗೆದರಾಯಿತು.

ಇನ್ನು ಸ್ವಿಚ್ಚು. ಅಪ್ಪ ಗೋಡೆಯ ಕಡೆ ಕೈ ತೋರಿಸಿದ. “ಮನೆ ಕರೆಂಟೇ ಕೊಟ್ಟುಬಿಡೋಣ. ತಕ್ಷಣ ಹತ್ತುತ್ತೆ.”

“ಹತ್ತುತ್ತೆ. ರಾಕೆಟ್ಟೂ ಹತ್ತುತ್ತೆ, ನೀವೂ ಹತ್ತುತ್ತೀರ,” ಅಂದರು ಲ್ಯಾಬಿನಮ್ಮ. “ಕರೆಂಟಿನ ಕೆಲಸದವರೇ ಹೀಗಂದ್ರೆ ಹೆಂಗೆ? ಟಾರ್ಚಿನ ನಾಲ್ಕು ಸೆಲ್ ಸಾಕು.”

ನಾಲ್ಕು ಸೆಲ್ಲು, ಕರೆಗಂಟೆಯ ಒತ್ತುಗುಂಡಿ, ಇವೆರಡೂ ಕೂರುವ ಒಂದು ಡಬ್ಬಿ, ಹತ್ತು ದೊಡ್ಡ ಹೆಜ್ಜೆ ಉದ್ದದ ವೈರು. ನಡುವೆ ಎರಡು ಕಡ್ಡಿಯ ಒಂದು ಪ್ಲಗ್ಗು. ಅದರ ಎರಡೂ ಕಡ್ಡಿಗಳನ್ನು ಒಳಗೇ ತಂತಿಯಿಂದ ಜೋಡಿಸಿದ್ದರು. ಪ್ಲಗ್ಗು ಸಿಕ್ಕಿಸದೆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ರಾಕೆಟ್ ಹತ್ತಿರ ಯಾರೇ ಹೋಗಲಿ, ಪ್ಲಗ್ಗು ಡಬ್ಬಿಯಲ್ಲಿ ಇರಬಾರದು, ಜೇಬಿನಲ್ಲಿರಬೇಕು.

“ಈ ಪ್ಲಗ್ ಯಾವತ್ತೂ ಗೋಡೆ ಬಾಯಿಗೆ ಹೋಗಬಾರದು. ಹೋದ್ರೆ ಮನೆ ಫ್ಯೂಸ್ ಒಂದೇ ಅಲ್ಲ, ನಿಮ್ಮ ಫ್ಯೂಸೂ ಹೋಗುತ್ತೆ,” ಅಂದರು ಲ್ಯಾಬಿನಮ್ಮ. ಮಿಡತೆ ಅದಕ್ಕೆ ಕೆಂಪು ಬಣ್ಣ ಬಳಿದಳು.

ಶನಿವಾರದವರೆಗೂ ಡ್ರಾಯರಿನ ಬೀಗ ತೆಗೆಯಲಿಲ್ಲ. ಶನಿವಾರ ಲ್ಯಾಬಿನಮ್ಮ ಕೋಟು ತೆಗೆದುಕೊಳ್ಳಲು ಬಂದರು.

“ಮೈದಾನಕ್ಕೆ ಬೇಲಿ ಹಾಕಿಸ್ತೀರಂತೆ? ಹಾಕಿಸಿ. ಮಕ್ಕಳು ಬಿಡ್ತಾರೆ ಅಂದ್ಕೊಂಡ್ರಾ? ಟೆರೇಸಿಗೆ ಹೋಗ್ತಾರೆ, ಸಂದಿಗೆ ಹೋಗ್ತಾರೆ, ಅದೇ ಬಾಟ್ಲಿ ತಗೊಂಡು. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ.”

ಅತ್ತೆ ಕೋಟಿನ ಜೇಬಿನೊಳಗೆ ಕೈ ಹಾಕಿ ಹೊಲಿಗೆ ಎಳೆದು ನೋಡಿದಳು. ಗಟ್ಟಿಯಿತ್ತು.

“ನಾನು ಬರ್ತೀನಿ,” ಅಂದಳು. “ಪ್ಲಗ್ ನನ್ನ ಹತ್ರ ಇರ್ಬೇಕು. ಸರಿ ಅನ್ನಿಸದಿದ್ರೆ ಕೊಡಲ್ಲ. ಸೋಮವಾರ ಅರ್ಜಿ ಕೊಡ್ತೀನಿ.” ಡ್ರಾಯರಿನ ಬೀಗ ತೆಗೆದು ಎಂಜಿನನ್ನು ಸ್ಟೂಲಿನ ಮೇಲಿಟ್ಟಳು.

ಭಾನುವಾರ ಮೈದಾನದಲ್ಲಿ ಮೂವತ್ತು ಮಕ್ಕಳು, ಅವರ ಹಿಂದೆ ದೊಡ್ಡವರು. ಗಾಳಿ ಮೆಲ್ಲಗಿತ್ತು. ಅಪ್ಪ ಸ್ಟ್ಯಾಂಡಿನ ಸುತ್ತಲಿನ ಒಣ ಹುಲ್ಲು ಕೆರೆದು ನೀರು ಚಿಮುಕಿಸಿ, ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟ. ಕೆಲವರು ನಕ್ಕರು.

“ಏನಪ್ಪಾ, ರಾಕೆಟ್‌ಗೆ ಸೆಕೆ ಅಂತ ಫ್ಯಾನ್ ತಂದ್ಯಾ?”

“ಮೂರನೇ ಸ್ಪೀಡಲ್ಲಿಡು, ಚಂದ್ರನಿಗೇ ಹೋಗುತ್ತೆ!”

ಈ ನಗುವ ಜನ ಹೋದ ವಾರ ಬಾಟಲಿ ನೋಡಿ ನಕ್ಕಿರಲಿಲ್ಲ.

ಅತ್ತೆ ಯಾರ ಮಾತಿಗೂ ಕಿವಿಗೊಡದೆ ಸ್ಟ್ಯಾಂಡಿನ ಹತ್ತಿರ ಹೋದಳು. ರವಿಕೆಯೊಳಗಿಂದ ಉದ್ದನೆಯ ನೂಲು ತೆಗೆದಳು, ತುದಿಗೆ ಭಾರಕ್ಕೆ ಮಷೀನಿನ ಬಾಬಿನ್ ಕಟ್ಟಿದ್ದಳು. ಪರದೆ ಹೊಲಿದು ತೂಗುಹಾಕುವಾಗ ಅಂಚು ನೇರವಿದೆಯೇ ಅಂತ ಅವಳು ನೋಡುವುದು ಹೀಗೆಯೇ. ನೂಲನ್ನು ಸಲಾಕೆಯ ತುದಿಗೆ ಕಟ್ಟಿ ಇಳಿಬಿಟ್ಟಳು. ನೂಲು ಸಲಾಕೆಗೆ ಅಂಟಿಕೊಂಡ ಹಾಗೆ ನಿಂತಿತು.

“ಹೂಂ. ನೇರ ಇದೆ,” ಅಂದಳು. ಸ್ವಲ್ಪ ಬೇಜಾರಾದ ಹಾಗಿತ್ತು.

ಅವಳು ನೂಲು ಬಿಚ್ಚಿಕೊಂಡ ಮೇಲೆ ಮಿಡತೆ ಕೆಂಪು ರೀಲು ತೆಗೆದು, ರಾಕೆಟ್ಟನ್ನು ಸಲಾಕೆಗೆ ಪೋಣಿಸಿ, ಕಿಡಿ ತಂತಿಗೆ ವೈರಿನ ತುದಿಯ ಎರಡು ಕ್ಲಿಪ್ಪು ಕಚ್ಚಿಸಿದಳು. ರೀಲನ್ನು ಮತ್ತೆ ತುದಿಗೆ ಸಿಕ್ಕಿಸಿ ಅಪ್ಪನತ್ತ ನೋಡಿದಳು. ಅಪ್ಪ ತಲೆಯಾಡಿಸಿದ.

“ತಡಿ,” ಅಂದಳು ಅತ್ತೆ. “ಬಟ್ಟೆ ಹಾಕಿದ ಮೇಲೆ ಇನ್ನೊಂದ್ಸಲ ಅಳತೆ ನೋಡ್ಬೇಕು.”

ನೂಲನ್ನು ಮತ್ತೆ ಇಳಿಬಿಟ್ಟಳು. ಈಗ ನೂಲಿಗೂ ಸಲಾಕೆಗೂ ನಡುವೆ ಎರಡು ಬೆರಳು ಜಾಗವಿತ್ತು. ನೋಡುತ್ತಿದ್ದ ಹಾಗೆ ಮೂರು ಬೆರಳಾಯಿತು. ಸಲಾಕೆ ಮೆಲ್ಲಗೆ ಬಾಗುತ್ತಿತ್ತು, ಮಕ್ಕಳು ನಿಂತಿದ್ದ ಕಡೆಗೆ.

“ಲೋ ತಮ್ಮಾ! ಕತ್ತು ಬಗ್ತಾ ಇದೆ ಕಣೋ!”

ಅಪ್ಪ ಓಡಿಬಂದು ಕತ್ತಿನ ಸ್ಕ್ರೂ ಮುಟ್ಟಿದ.

“ಅರ್ಧ ಸುತ್ತು ಸಡಿಲ ಬಿಟ್ಟಿದೀನಿ ಅಕ್ಕಾ.”

“ಯಾಕೋ?”

“ಫ್ಯಾನಲ್ವಾ… ಯಾವಾಗ್ಲೂ ಅರ್ಧ ಸುತ್ತು ಬಿಡ್ತೀನಿ. ಗಿರಾಕಿ ಕೈಯಲ್ಲಿ ತಲೆ ಬಗ್ಗಿಸೋಕೆ ಬರ್ಬೇಕು ಅಂತ. ಕೈಗೆ ಅಭ್ಯಾಸ. ಗೊತ್ತೇ ಆಗ್ಲಿಲ್ಲ.”

ಇಪ್ಪತ್ತು ವರ್ಷ ಒಳ್ಳೆಯ ಕೆಲಸ ಮಾಡಿದ ಕೈ ಅದು. ತಪ್ಪು ಮಾಡಿದ್ದೂ ಅದೇ. ಫ್ಯಾನಿಗೆ ಸರಿಯಾದದ್ದು ರಾಕೆಟ್ಟಿಗೆ ಸರಿಯಲ್ಲ. ಹಳೇ ಸಾಮಾನಿಗೆ ಹೊಸ ಕೆಲಸ ಕೊಡುವಾಗ ಮೊದಲು ಕೇಳಬೇಕಾದದ್ದು ಇದನ್ನೇ: ಇದರ ಹಳೇ ಗುಣ ಯಾವುದು, ಅದು ಈಗ ಯಾರನ್ನು ಸುಡುತ್ತದೆ?

ನಗುತ್ತಿದ್ದವರು ತಮ್ಮ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಮಿಡತೆ ಅಳುವ ಹಾಗಿದ್ದಳು. ಅತ್ತೆ ಅರ್ಜಿಯ ಮಾತೆತ್ತಿದರೆ ಇವತ್ತು ಇಡೀ ಮೈದಾನ ಹೌದು ಅನ್ನುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು.

ಅತ್ತೆ ಮೊದಲು ಪ್ಲಗ್ಗು ಸೊಂಟದಲ್ಲೇ ಇದೆಯಾ ಅಂತ ಮುಟ್ಟಿ ನೋಡಿಕೊಂಡಳು. ಆಮೇಲೆ, “ಸ್ಪ್ಯಾನರ್ ತಂದಿದೀಯಾ?” ಅಂದಳು.

“ಇದೆ.”

“ಮತ್ಯಾಕೆ ನನ್ನ ಮುಖ ನೋಡ್ತೀಯ? ಬಿಗಿ ಮಾಡು. ಪೂರ್ತಿ. ಯಾವ ಗಿರಾಕಿನೂ ಬಗ್ಗಿಸಲ್ಲ ಇದನ್ನ.”

ಅಪ್ಪ ರಾಕೆಟ್ ಇಳಿಸಿ, ಸ್ಕ್ರೂ ಬಿಗಿಮಾಡಿದ, ಅದರ ಮೇಲೆ ಇನ್ನೊಂದು ನಟ್ಟು ಹಾಕಿದ, ತಂತಿ ಸುತ್ತಿದ. ರಾಕೆಟ್ ಏರಿಸಿದ ಮೇಲೆ ಅತ್ತೆ ಮತ್ತೆ ನೂಲು ಬಿಟ್ಟಳು. ಬಾಯಲ್ಲೇ ಇಪ್ಪತ್ತು ಎಣಿಸಿದಳು. ನೂಲು ಕದಲಲಿಲ್ಲ, ಸಲಾಕೆಯೂ ಕದಲಲಿಲ್ಲ. ನೂಲನ್ನೂ ಕೆಂಪು ರೀಲನ್ನೂ ತೆಗೆದು ರವಿಕೆಯೊಳಗಿಟ್ಟುಕೊಂಡು ಎಲ್ಲರನ್ನೂ ಹಿಂದೆ ಕಳಿಸಿದಳು, ಲ್ಯಾಬಿನಮ್ಮನನ್ನೂ. ಹತ್ತು ಹೆಜ್ಜೆ ನಡೆದು ಬಂದು ಪ್ಲಗ್ಗನ್ನು ಮಿಡತೆಯ ಅಂಗೈಯಲ್ಲಿಟ್ಟಳು.

“ತಗೋ.”

ಮಿಡತೆ ಪ್ಲಗ್ಗು ಸಿಕ್ಕಿಸಿ, ಐದರಿಂದ ಕೆಳಗೆ ಎಣಿಸಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಓಡಲು ಹೊರಟವಳ ಜಡೆಯನ್ನು ಲ್ಯಾಬಿನಮ್ಮ ಹಿಡಿದರು. “ಪ್ಲಗ್ ತೆಗಿ. ಒಂದು ನಿಮಿಷ ಯಾರೂ ಹತ್ರ ಹೋಗ್ಬಾರ್ದು.” ಒಂದು ನಿಮಿಷ ಬಹಳ ಉದ್ದವಿತ್ತು. ಆಮೇಲೆ ಹೋಗಿ ನೋಡಿದರೆ ಒಂದು ಕ್ಲಿಪ್ಪು ಜಾರಿತ್ತು. ಸರಿ ಮಾಡಿ ಬಂದು, ಪ್ಲಗ್ಗು ಸಿಕ್ಕಿಸಿ ಮತ್ತೆ ಎಣಿಸಿದಳು.

ಈ ಸಲ ‘ಸುಯ್ಯ್’ ಅಂತು. ಇಸ್ತ್ರಿಪೆಟ್ಟಿಗೆಯ ತಟ್ಟೆಯ ಮೇಲೆ ಒಂದು ಕ್ಷಣ ಹೊಗೆ. ಕಣ್ಣು ಮೇಲೆತ್ತುವ ಹೊತ್ತಿಗೆ ರಾಕೆಟ್ ಚುಕ್ಕೆಯಾಗಿತ್ತು. ಸ್ಟ್ಯಾಂಡು ನಿಂತಲ್ಲೇ ನಿಂತಿತ್ತು. ತುಂಬ ಮೇಲೆ ಏನೋ ಬಿಚ್ಚಿಕೊಂಡಿತು. ಹೋದ ವಾರ ಸುಟ್ಟು ಉಳಿದ ಲೈನಿಂಗ್ ಬಟ್ಟೆಯ ಪ್ಯಾರಾಚೂಟು ಅದು. ಕತ್ತರಿಸಿ ಹೊಲಿದು ರಾಕೆಟ್ಟಿನೊಳಗೆ ಮಡಿಚಿಟ್ಟವಳು ಅತ್ತೆ, ಯಾರಿಗೂ ಹೇಳಿರಲಿಲ್ಲ.

“ಹೊಲಿಗೆ ಬಿಟ್ಟಿಲ್ಲ,” ಅಂದಳು, ಮೇಲೆ ನೋಡುತ್ತಾ.

ಮಿಡತೆಗೆ ಕ್ಲಬ್ಬಿನಲ್ಲಿ ಜಾಗ ಸಿಕ್ಕಿತು. ಅರ್ಜಿ ಬರೆಯಲು ತಂದಿದ್ದ ಹಾಳೆಯಲ್ಲಿ ಅತ್ತೆ ಯಾರದೋ ಕಮೀಜಿನ ಅಳತೆ ಬರೆದುಕೊಂಡಳು. ಆ ಸ್ಟ್ಯಾಂಡನ್ನು ಈಗ ಬೀದಿಯ ಯಾವ ಮಗು ಬೇಕಾದರೂ ಕೇಳಿ ಒಯ್ಯಬಹುದು. ಪ್ಲಗ್ಗಿನ ಜೊತೆ ಮಾತ್ರ ಅತ್ತೆಯೂ ಬರುತ್ತಾಳೆ.

ಓದುತ್ತಿರುವವರೇ, ನಿಮ್ಮ ಅಟ್ಟದ ಮೇಲೂ ಕೆಟ್ಟ ಫ್ಯಾನು ಇರುತ್ತದೆ. ಫ್ಯಾನು ಇಲ್ಲದಿದ್ದರೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು, ಹಳೇ ಮೈಕಿನ ಸ್ಟ್ಯಾಂಡು, ಏನಾದರೂ. ಇಳಿಸಿ, ಒದ್ದು ನೋಡಿ, ಅಲ್ಲಾಡುವ ಪ್ರತಿ ಸ್ಕ್ರೂವನ್ನೂ ಬಿಗಿ ಮಾಡಿ. ರಾಕೆಟ್ಟನ್ನು ಬಾಟಲಿಯಲ್ಲಿ ನಿಲ್ಲಿಸಬೇಡಿ, ಕೈಯಲ್ಲಿ ಹಿಡಿಯಬೇಡಿ, ಬೆಂಕಿಕಡ್ಡಿ ಗೀರಬೇಡಿ, ಮನೆ ಕರೆಂಟು ಮುಟ್ಟಿಸಬೇಡಿ. ಎಂಜಿನ್ ಸೀಲು ಹಾಕಿದ್ದೇ ಆಗಿರಲಿ. ಮನೆಯಲ್ಲಿ ಮದ್ದು ಅರೆಯುವ ಸಾಹಸ ಯಾರಿಗೂ ಬೇಡ. ಗೊತ್ತಿಲ್ಲದ್ದನ್ನು ಕೇಳಿ. ದೊಡ್ಡ ಕುರ್ಚಿಯವರು ಹೇಳದಿದ್ದರೆ ಕಪಾಟು ಒರೆಸುವವರನ್ನು ಕೇಳಿ. ಮಗು ಬಂದು ಕೇಳಿದಾಗ ‘ಇದು ನಮ್ಮಂಥವರಿಗಲ್ಲ’ ಅನ್ನಬೇಡಿ. ‘ನಿಮ್ಮಂಥವರಿಗಲ್ಲ’ ಅನ್ನುವವರು ಹೊರಗೆ ಬೇಕಾದಷ್ಟು ಜನ ಇದ್ದಾರೆ. ಮನೆಯೊಳಗೂ ಒಬ್ಬರು ಬೇಡ.

ಪ್ಲಗ್ಗನ್ನು ಮಾತ್ರ, ಮನೆಯಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಭಯವೋ, ಅವರ ಕೈಗೇ ಕೊಡಿ.