ಕೂತು ಹೋಗುವವರು

ಪ್ರತಿಭಾ ಅಡುಗೆಮನೆಯ ನೆಲದ ಮೇಲೆ ಕೂತು ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಒರೆಸಿ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು. ಅಮೆರಿಕದ ಎಲಿಕಾಟ್ ಸಿಟಿಯ ಆ ಮನೆಯ ತುಂಬ ಸಾವಿಗೆ ಬಂದ ಜನ. ಕಿಟಕಿಯಾಚೆ ಹಿಮ ಬೀಳುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಬಿಳುಪು.

ತೀರಿಕೊಂಡ ಕರಬಸಪ್ಪನವರ ಮಗ ಸಿದ್ಧಲಿಂಗೇಶ್ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಕೂಡ್ರಸಾಕ ಸ್ಮಶಾನದವರು ಒಪ್ಪಲಿಲ್ಲ ಪ್ರತಿಭಾ. ಬಾಕ್ಸ್ ಬೇಕಂದ್ರ ಬೇಕು, ಮಲಗಿಸೇ ಇಡಬೇಕು ಅಂತಾರ. ಎಲ್ಲಾ ಕಡೆ ಕಾಲ್ ಮಾಡಿ ನೋಡಿದೆ."

"ದೊಡ್ಡವ್ವಗ ಹೇಳೀರೇನ್ರಿ?"

"ನನ್ನ ಬಾಯಿಂದ ಆಗಂಗಿಲ್ಲ. ನೀನ ಹೇಳು."

ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತಂತೆ ಕೂಡ್ರಿಸಿ ಮಣ್ಣು ಮಾಡುವುದು. ಕರಬಸಪ್ಪನವರ ಹೆಂಡತಿ ಮಲ್ಲಮ್ಮ ಬೆಳಗಿನಿಂದ ಕೇಳುತ್ತಿದ್ದುದು ಒಂದೇ ಮಾತು: "ಅವರನ್ನ ಸರಿಯಾಗಿ ಕೂಡ್ರಸ್ತಾರಲ್ಲ?" ಕೇಳಿದಾಗಲೆಲ್ಲ ಯಾರೋ ಒಬ್ಬರು ಅವರಿಗೆ ಚಹಾ ತಂದು ಕೊಡುತ್ತಿದ್ದರು.

ಪ್ರತಿಭಾ ಮಲ್ಲಮ್ಮನ ತಂಗಿಯ ಸೊಸೆ. ಡಬ್ಬಿ ಹಿಡಿದು ಕೋಣೆಗೆ ಹೋದಳು.

"ದೊಡ್ಡವ್ವಾ..."

"ಏನವ್ವ?"

"ಕಾಲ್ಚೀಲ ಹಾಕ್ಕೋರಿ. ಥಂಡಿ ಐತಿ."

*

ಕರಬಸಪ್ಪ ಈ ದೇಶಕ್ಕೆ ಓದಲು ಬಂದವರು. ಆಮೇಲೆ ರಸ್ತೆ ಇಲಾಖೆಯ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡುತ್ತ ಮಾಡುತ್ತ ಮುದುಕರಾದರು. ರಿಟೈರ್ ಆದ ಮೇಲೆ ಮತ್ತೆ ಯೂನಿವರ್ಸಿಟಿಗೆ ಹೊರಟರು. ವಯಸ್ಸಾದವರು ಅಲ್ಲಿ ಪುಕ್ಕಟೆ ಕ್ಲಾಸಿನಲ್ಲಿ ಕೂರಬಹುದಿತ್ತು.

"ಬ್ಯಾಗ್ ಹಾಕ್ಕೊಂಡು ಹೊಂಟಾರ ನೋಡು ಹುಡುಗ! ಡಬ್ಬಿ ಕಟ್ಟಿಕೊಡ್ಲೇನ್ರಿ?" ಎಂದು ಮಲ್ಲಮ್ಮ ಕಾಡಿಸುತ್ತಿದ್ದರು.

"ಕಟ್ಟು, ಕಟ್ಟು. ಚಟ್ನಿಪುಡಿ ಹೆಚ್ಚಿಗಿ ಹಾಕು."

ಒಂದು ದಿನ ಪ್ರತಿಭಾಳನ್ನೂ ಕರೆದರು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ಬಾಗಿಲಲ್ಲೇ ನಿಂತಳು.

"ನಾ ಹೆಂಗ ಬರ್ಲಿ ದೊಡ್ಡಪ್ಪ? ಒಂದು ಮಾತೂ ತಿಳಿಯಂಗಿಲ್ಲ."

"ನನಗರ ಏನು ತಿಳಿತೈತಿ? ಬಾ, ಕುಂತು ಬರೂಣು."

ಕ್ಲಾಸೆಂದರೆ ಇಳಿಜಾರಾದ ದೊಡ್ಡ ಕೋಣೆ. ದೀಪ ಆರಿಸಿದರು. ಗೋಡೆಯ ಪರದೆಯ ಮೇಲೆ ಯಾವುದೋ ಊರಿನ ಮುರಿದ ಕಂಬಗಳು, ತಲೆಯಿಲ್ಲದ ಕಲ್ಲಿನ ಹೆಂಗಸು, ನೀಲಿ ಸಮುದ್ರ ಒಂದರ ಹಿಂದೊಂದು ಬಂದು ಹೋದವು. ಹೀಟರಿನ ಸದ್ದು ದೂರದ ಹೊಳೆಯಂತಿತ್ತು. ತಿರುಗಿ ನೋಡಿದರೆ ದೊಡ್ಡಪ್ಪ ಬೆನ್ನು ನೆಟ್ಟಗಿಟ್ಟುಕೊಂಡೇ ನಿದ್ದೆ ಹೋಗಿದ್ದರು. ಸಮುದ್ರದ ನೀಲಿ ಅವರ ಬೋಳುತಲೆಯ ಮೇಲೆ ಅಲುಗುತ್ತಿತ್ತು. ತಾನೂ ಅವರ ನಿದ್ದೆಯೊಳಗೇ ಬಂದು ಕೂತಂತೆ ಪ್ರತಿಭಾಳಿಗೆ ಅನಿಸಿತು. ಅವಳು ಎಬ್ಬಿಸಲಿಲ್ಲ.

*

ಸ್ಮಶಾನದಲ್ಲಿ ಪೆಟ್ಟಿಗೆಯ ಮುಚ್ಚಳವನ್ನು ಕೊನೆಯ ಸಲ ತೆರೆದರು. ಮಲ್ಲಮ್ಮ ಬಗ್ಗಿ ನೋಡಿದರು.

"ಮಲಗಿಸ್ಯಾರಲ್ಲ."

ಸಿದ್ಧಲಿಂಗೇಶ್ ತನ್ನ ಬೂಟು ನೋಡಿಕೊಂಡ. ಲ್ಯಾಬಿನಲ್ಲಿ ಕರಬಸಪ್ಪನವರ ಜೊತೆಗಿದ್ದ ಮೈಸೂರಿನ ಮುರಳೀಧರ ಮೆಲ್ಲಗೆ ಅಂದರು, "ಇಲ್ಲಿನ ರೂಲ್ಸ್ ಹಾಗಿದೆ ಮಲ್ಲಮ್ಮನವ್ರೇ. ಆರಾಮಾಗಿ ಮಲಗ್ಲಿ ಬಿಡಿ."

"ಅವರು ಯಾವಾಗ ಆರಾಮಾಗಿ ಮಲಗಿದ್ರು?"

ಮಲ್ಲಮ್ಮ ಅಳಲಿಲ್ಲ. ಹೊದ್ದಿದ್ದ ಶಾಲು ತೆಗೆದು, ಮಡಿಸಿ, ಗಂಡನ ತಲೆಯ ಕೆಳಗೆ ತೂರಿಸಿದರು. ಮುಖ ತುಸು ಮೇಲೆದ್ದಿತು. ನಿಂತು ನೋಡಿದರು. ಆಮೇಲೆ ಹಿಂದಕ್ಕೆ ಕೈ ಚಾಚಿದರು.

ಮೊದಲು ತಿಳಿದದ್ದು ಪ್ರತಿಭಾಳಿಗೆ. ಕೋಟು ಬಿಚ್ಚಿ ಆ ಕೈಗಿಟ್ಟಳು.

"ಅಜ್ಜಿ, ನಂದೂ ತಗೊಳ್ಳಿ," ಎಂದಳು ಮೊಮ್ಮಗಳು ನಮ್ರತಾ. ಮುರಳೀಧರರು ಒಂದೊಂದೇ ತೋಳು ಬಿಡಿಸಿಕೊಂಡು ತಮ್ಮದನ್ನೂ ಕೊಟ್ಟರು. ಸಿದ್ಧಲಿಂಗೇಶ್ ಅಪ್ಪನ ಭುಜದ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದ. ಉಳಿದವರೂ ಬಿಚ್ಚಿ ಕೊಟ್ಟರು; ಪ್ರತಿಭಾ ಕೋಟುಗಳನ್ನೆಲ್ಲ ಒಳಗೆ ಒತ್ತಿದಳು. ಕರಬಸಪ್ಪ ಆರಾಮಕುರ್ಚಿಗೆ ಒರಗಿದವರಷ್ಟು ಎದ್ದರು. ಮುಚ್ಚಳ ಹಾಕಲು ನಿಂತಿದ್ದ ಬಿಳಿಯ ಮನುಷ್ಯ ಕೈ ಹಿಂದಕ್ಕೆ ತೆಗೆದುಕೊಂಡು ಮರಗಳ ಕಡೆ ತಿರುಗಿದ.

ಹಿಮ ಈಗ ನಿಜವಾಗಿಯೂ ಬೀಳುತ್ತಿತ್ತು. ಅಂಗಿಗಳ ಮೇಲೆ, ಸೀರೆಗಳ ಮೇಲೆ, ಬರಿಯ ತೋಳುಗಳ ಮೇಲೆ. ಕೊಡುವುದಕ್ಕೆ ಯಾರ ಮೈಮೇಲೂ ಏನೂ ಉಳಿದಿರಲಿಲ್ಲ. ಮಲ್ಲಮ್ಮ ಪೆಟ್ಟಿಗೆಯಿಂದ ಕಣ್ಣು ತೆಗೆಯದೆ ಮತ್ತೆ ಕೈ ಚಾಚಿದರು.

"ಇನ್ನೊಂದು ಕೊಡ್ರಿ."